ಭಾರವನ್ನೂ ಎತ್ತಿ, ಓಟವನ್ನೂ ಓಡಿ ಮೈ ಕಟ್ಟುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಐದೂವರೆಗೆ ಸುತ್ತು ಹಾಕುವ ಹುಡುಗರಲ್ಲಿ ಹಲವರನ್ನು ಸಂಜೆ ಏಳರ ಹೊತ್ತಿಗೆ ಊರಿನ ಯಾವುದಾದರೊಂದು ಜಿಮ್‌ನಲ್ಲಿ ಕಾಣಬಹುದು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವವರಿಗೆ 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸುವ ದಮ್ಮು ಬೇಕು, ಉದ್ದಜಿಗಿತಕ್ಕೂ ಗುಂಡು ಎಸೆತಕ್ಕೂ ಬಲ ಬೇಕು, ಜೊತೆಗೆ ಅಂಗಿ ತುಂಬಿ ಕಾಣುವ ಮೈಕಟ್ಟೂ ಬೇಕು. ಇಂಥವರಿಗೆ ಜಿಮ್‌ನಲ್ಲಿ ಮೊದಲ ವಾರವೇ ಸಿಗುವ ಉಪದೇಶವೆಂದರೆ, "ಓಡಿದರೆ ಬಾಡಿ ಕರಗಿಹೋಗುತ್ತದೆ, ಕಾರ್ಡಿಯೊ ಬಿಟ್ಟುಬಿಡು" ಎಂಬುದು. ಮೈದಾನದ ತರಬೇತುದಾರರ ಉಪದೇಶ ಇದಕ್ಕೆ ತದ್ವಿರುದ್ಧ: "ವೇಟ್ಸ್ ಎತ್ತಿದರೆ ಮೈ ಬಿಗಿಯಾಗುತ್ತದೆ, ಓಟ ಬರುವುದಿಲ್ಲ." ಎರಡೂ ಮಾತಿನಲ್ಲಿ ಅಲ್ಪಸ್ವಲ್ಪ ಸತ್ಯವಿದೆಯಾದರೂ ಎರಡನ್ನೂ ಅವುಗಳ ಅಳತೆ ಮೀರಿ ಹಿಗ್ಗಿಸಲಾಗಿದೆ. ಬಲದ ತರಬೇತಿಯನ್ನೂ, ಓಟ, ಸೈಕಲ್‌ನಂಥ ದಮ್ಮು ಬೆಳೆಸುವ ತಾಳಿಕೆಯ ತರಬೇತಿಯನ್ನೂ (ಜಿಮ್‌ನವರು ಕಾರ್ಡಿಯೊ ಎನ್ನುವುದು ಇದನ್ನೇ) ಒಂದೇ ವಾರದಲ್ಲಿ ಇಟ್ಟುಕೊಂಡು, ಸ್ನಾಯು ಬೆಳವಣಿಗೆಗೆ ಧಕ್ಕೆ ಬಾರದಂತೆ ನಡೆಸುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಲಾಗಿದೆ.

ಈ ಅಂಜಿಕೆ ಎಲ್ಲಿಂದ ಬಂತು

1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕರು ಹತ್ತು ವಾರಗಳ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿನವರು ವಾರಕ್ಕೆ 5 ದಿನ ಕಾಲಿಗೆ ಭಾರದ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿನವರು ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ, ಏದುಸಿರು ಬರುವಷ್ಟು ಓಟ ಹಾಗೂ ಸೈಕಲ್ ತುಳಿತ ನಡೆಸಿದರು. ಮೂರನೆಯ ಗುಂಪಿನವರು ಇವೆರಡನ್ನೂ ಪೂರ್ತಿಯಾಗಿ ಮಾಡಿದರು. ಮೂರನೆಯವರ ಬಲ ಏಳೆಂಟು ವಾರಗಳವರೆಗೆ ಏರಿ, ಬಳಿಕ ನಿಂತು, ಕೊನೆಯ ಎರಡು ವಾರಗಳಲ್ಲಿ ಇಳಿಯಿತು. ದಮ್ಮಿನ ವಿಷಯದಲ್ಲಿ ಮಾತ್ರ ಅವರು ಎರಡನೆಯ ಗುಂಪಿಗಿಂತ ಹಿಂದೆ ಬೀಳಲಿಲ್ಲ. "ಕಾರ್ಡಿಯೊ ಬಲವನ್ನು ತಿನ್ನುತ್ತದೆ" ಎಂಬ ಮಾತಿನ ತಾಯಿಬೇರು ಇದೇ. ಆದರೆ ಇದನ್ನು ಉದ್ಧರಿಸುವವರು ಒಂದು ಸರಳ ಲೆಕ್ಕವನ್ನು ಮರೆಯುತ್ತಾರೆ: ಮೂರನೆಯ ಗುಂಪಿನವರು ಅದೇ ಎರಡು ಕಾಲುಗಳನ್ನು ವಾರಕ್ಕೆ ಹನ್ನೊಂದು ಸಲ ದಣಿಸಿದ್ದರು. ಉಳುವ ಎತ್ತಿಗೂ ನಾವು ಅಷ್ಟು ಕೆಲಸ ಹೇಳುವುದಿಲ್ಲ.

ಆಮೇಲೆ ನಡೆದ ನೂರಾರು ಪ್ರಯೋಗಗಳು ಚಿತ್ರವನ್ನು ಬಹಳ ಮೆದುಗೊಳಿಸಿವೆ. 2012ರಲ್ಲಿ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೈಕಲ್‌ಗಿಂತ ಓಟವೇ ಹೆಚ್ಚು ಅಡ್ಡಿ ಮಾಡುತ್ತದೆಂದೂ, ವಾರದಲ್ಲಿ ಎಷ್ಟು ದಿನ ಮತ್ತು ದಿನಕ್ಕೆ ಎಷ್ಟು ಹೊತ್ತು ತಾಳಿಕೆಯ ತರಬೇತಿ ನಡೆಯುತ್ತದೆ ಎಂಬುದರ ಮೇಲೆ ಅಡ್ಡಿಯ ಪ್ರಮಾಣ ಏರುತ್ತದೆಂದೂ ಕಂಡುಬಂತು. 2022ರಲ್ಲಿ 43 ಅಧ್ಯಯನಗಳ ಇನ್ನೊಂದು ಒಟ್ಟು ವಿಶ್ಲೇಷಣೆ, ಎರಡೂ ತರಬೇತಿಯನ್ನು ಜೊತೆಯಾಗಿ ನಡೆಸಿದರೂ ಸ್ನಾಯುವಿನ ಗಾತ್ರಕ್ಕಾಗಲಿ ಗರಿಷ್ಠ ಬಲಕ್ಕಾಗಲಿ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದು ತೋರಿಸಿತು. ಚಿಮ್ಮುವ ಬಲಕ್ಕೆ, ಎಂದರೆ ಜಿಗಿತ ಮತ್ತು ಎಸೆತಕ್ಕೆ ಬೇಕಾದ ಕ್ಷಣದ ಬಲಕ್ಕೆ ಮಾತ್ರ, ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ ಸ್ವಲ್ಪ ಪೆಟ್ಟು ಬೀಳುತ್ತದೆ. ಅದೇ ವರ್ಷ ಸ್ನಾಯುವಿನ ಎಳೆಗಳನ್ನೇ ಅಳೆದ ಅಧ್ಯಯನಗಳನ್ನು ಕೂಡಿಸಿದ ಮತ್ತೊಂದು ವಿಶ್ಲೇಷಣೆಯಲ್ಲಿ ಅಲ್ಪ ಪ್ರಮಾಣದ ಅಡ್ಡಿ ಕಂಡಿತು, ಅದೂ ಮುಖ್ಯವಾಗಿ ಓಟ ಸೇರಿದ್ದಲ್ಲಿ. ಹೀಗಿರುವಾಗ ಕಾರ್ಡಿಯೊಗೆ ಹೆದರುವುದಕ್ಕಿಂತ ಅದನ್ನು ಎಷ್ಟು, ಯಾವಾಗ, ಯಾವ ಬಗೆಯಲ್ಲಿ ಮಾಡಬೇಕೆಂದು ಯೋಚಿಸುವುದು ಹೆಚ್ಚು ಉಪಯುಕ್ತ.

ಸ್ನಾಯುವಿನೊಳಗೆ ನಡೆಯುವುದೇನು

ಭಾರ ಎತ್ತಿದಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಎಳೆತವು ಎಂಟಾರ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಅದು ಕಟ್ಟಡದ ಮೇಸ್ತ್ರಿಯಂತೆ; ಹೊಸ ಪ್ರೋಟೀನ್ ಕಟ್ಟುವ ಕೆಲಸವನ್ನು ಆರಂಭಿಸಿ, ಒಂದೆರಡು ದಿನಗಳವರೆಗೆ ಅದನ್ನು ಸಾಮಾನ್ಯಕ್ಕಿಂತ ಚುರುಕಾಗಿ ಇರಿಸುತ್ತದೆ. ದೀರ್ಘ ಓಟದಲ್ಲಿ ಜೀವಕೋಶದ ಇಂಧನ ಇಳಿದಾಗ ಎಚ್ಚರಗೊಳ್ಳುವುದು ಎಎಂಪಿಕೆ ಎಂಬ ಇನ್ನೊಂದು ಕಿಣ್ವ. ಇದು ಮನೆಯ ಖರ್ಚು ನೋಡಿಕೊಳ್ಳುವ ಯಜಮಾನನ ಹಾಗೆ, "ಇರುವುದೇ ಕಡಿಮೆ, ಈಗ ಕಟ್ಟಡ ಬೇಡ" ಎಂದು ಮೇಸ್ತ್ರಿಯ ಕೈ ಹಿಡಿಯುತ್ತದೆ, ಮತ್ತು ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳನ್ನು ಹೆಚ್ಚಿಸಲು ಹೇಳುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಜಗಳ ಸ್ಪಷ್ಟವಾಗಿ ಕಾಣುತ್ತದೆ. ಮನುಷ್ಯರಲ್ಲಿ ಅದು ಅಷ್ಟು ಸಲೀಸಾಗಿ ಕಾಣುವುದಿಲ್ಲ. ಓಟದಿಂದ ಏರಿದ ಎಎಂಪಿಕೆಯ ಚಟುವಟಿಕೆ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ನನ್ನ ತಿಳಿವಳಿಕೆಯಲ್ಲಿ ಹೆಚ್ಚಿನವರ ಸ್ನಾಯು ಬೆಳವಣಿಗೆಯನ್ನು ಕುಂಠಿಸುವುದು ಈ ಕಿಣ್ವಗಳ ಜಗಳಕ್ಕಿಂತ ಹೆಚ್ಚಾಗಿ ಎರಡು ಸಾಮಾನ್ಯ ಸಂಗತಿಗಳು: ದಣಿದ ಕಾಲಿನಿಂದ ಎತ್ತಿದ ಕಡಿಮೆ ಭಾರ, ಮತ್ತು ಓಟಕ್ಕೆ ಖರ್ಚಾದಷ್ಟು ತಟ್ಟೆಗೆ ಬಾರದ ಊಟ.

ಮೊದಲ ಹೆಜ್ಜೆ: ಯಾವುದು ಮುಂದು, ಯಾವುದು ಹಿಂದು

ಮುಂದಿನ 8ರಿಂದ 12 ವಾರಗಳಿಗೆ ಒಂದು ಗುರಿಯನ್ನು ಮೊದಲು ಇರಿಸಿ. ಇನ್ನೊಂದನ್ನು ಬಿಡಬೇಕಾಗಿಲ್ಲ, ಅದು ಎರಡನೆಯ ಸಾಲಿನಲ್ಲಿ ಕೂತಿರಲಿ. ದೈಹಿಕ ಪರೀಕ್ಷೆಗೆ ಆರು ತಿಂಗಳಿದ್ದರೆ ಮೊದಲ ಮೂರು ತಿಂಗಳು ಸ್ನಾಯು ಮತ್ತು ಬಲಕ್ಕೆ ಮೀಸಲಾಗಿ, ಉಳಿದ ಮೂರು ತಿಂಗಳು ಓಟಕ್ಕೆ ತಿರುಗುವುದು ಜಾಣತನ. ಬರಿಯ ಮೈಕಟ್ಟಿಗಾಗಿ ಬರುವವರಿಗೆ ಈ ಪ್ರಶ್ನೆಯೇ ಇಲ್ಲ.

ಆರಂಭದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ದೇಹದ ತೂಕ, ತೊಡೆಯ ಮಧ್ಯದ ಸುತ್ತಳತೆ, ತೋಳಿನ ಸುತ್ತಳತೆ, ಸ್ಕ್ವಾಟ್‌ನಲ್ಲಿ (ಭುಜದ ಮೇಲೆ ಭಾರ ಹೊತ್ತು ಕುಳಿತು ಏಳುವ ವ್ಯಾಯಾಮ) ಎಂಟು ಸಲ ಎತ್ತಬಲ್ಲ ಭಾರ ಹಾಗೂ 1600 ಮೀಟರ್ ಓಟದ ಸಮಯವನ್ನು ಬರೆದಿಡಿ. ಅಳತೆಯ ಟೇಪನ್ನು ದರ್ಜಿಯ ಬಳಿ ಕೇಳಿ ಪಡೆದರೂ ಆದೀತು. ಮುಖ್ಯವಾದುದು ಪ್ರತಿಸಲ ಅದೇ ಜಾಗದಲ್ಲಿ, ಬೆಳಿಗ್ಗೆ, ವ್ಯಾಯಾಮಕ್ಕೆ ಮುನ್ನ ಅಳೆಯುವುದು. ವ್ಯಾಯಾಮ ಮುಗಿಸಿ ರಕ್ತ ತುಂಬಿದ ತೋಳನ್ನು ಅಳೆದು ಸಂತೋಷಪಡುವ ಅಭ್ಯಾಸ ನಮ್ಮಲ್ಲಿ ಸಾಕಷ್ಟಿದೆ, ಆ ಅಂಕಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಭಾರದ ತರಬೇತಿಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಓಟವನ್ನು ದೂರುವ ಎಷ್ಟೋ ಮಂದಿಯ ಭಾರದ ತರಬೇತಿಯೇ ಸರಿಯಿರುವುದಿಲ್ಲ. ಪ್ರತಿಯೊಂದು ದೊಡ್ಡ ಸ್ನಾಯುವಿಗೂ ವಾರಕ್ಕೆ ಸುಮಾರು 10ರಿಂದ 16 ಗಟ್ಟಿ ಸೆಟ್‌ಗಳು, ಎರಡು ದಿನಗಳಿಗೆ ಹಂಚಿ, ಸಾಕಾಗುತ್ತವೆ. ಒಂದು ಸಲ ಎತ್ತಿ ಇಳಿಸುವುದು ಒಂದು ರೆಪ್, ಬಿಡುವಿಲ್ಲದೆ ಮಾಡಿದ ರೆಪ್‌ಗಳ ಒಂದು ಗುಂಪು ಒಂದು ಸೆಟ್. ಗಟ್ಟಿ ಸೆಟ್ ಎಂದರೆ, ಇನ್ನೊಂದು ಅಥವಾ ಎರಡು ರೆಪ್ ಮಾತ್ರ ಆಗಬಹುದಿತ್ತು ಎನ್ನುವಲ್ಲಿ ನಿಲ್ಲಿಸಿದ ಸೆಟ್. ಬಹುಪಾಲು ಸೆಟ್‌ಗಳು 6ರಿಂದ 12 ರೆಪ್‌ಗಳ ನಡುವೆ ಇರಲಿ. ದೊಡ್ಡ ವ್ಯಾಯಾಮಗಳ ನಡುವೆ ಎರಡರಿಂದ ಮೂರು ನಿಮಿಷ ವಿಶ್ರಾಂತಿ ಪಡೆಯಿರಿ. ಸೆಟ್‌ಗಳ ನಡುವೆ ವಿಶ್ರಾಂತಿಯಿಲ್ಲದೆ ಬೆವರು ಸುರಿಸಿದರೆ ಭಾರದ ತರಬೇತಿಯೇ ಕಾರ್ಡಿಯೊ ಆಗಿಬಿಡುತ್ತದೆ, ಎರಡರ ಲಾಭವೂ ಅರ್ಧರ್ಧವಾಗುತ್ತದೆ.

ಹೇಳಿದ ರೆಪ್‌ಗಳ ಮೇಲಿನ ಮಿತಿಯನ್ನು ಎಲ್ಲಾ ಸೆಟ್‌ಗಳಲ್ಲೂ ಮುಟ್ಟಿದ ವಾರ, ಬಾರ್‌ಬೆಲ್‌ಗೆ ಎರಡೂವರೆ ಕಿಲೋ ಸೇರಿಸಿ. ಜಿಮ್ ಇಲ್ಲದ ಊರುಗಳಲ್ಲಿ ಗರಡಿಮನೆಯ ದಂಡ, ಬಸ್ಕಿಗಳಿಂದಲೂ ಇದೇ ತತ್ತ್ವವನ್ನು ಪಾಲಿಸಬಹುದು, ಆದರೆ ನೂರಾರು ಬಸ್ಕಿ ಹೊಡೆಯುವುದು ಒಂದು ಹಂತದ ನಂತರ ತಾಳಿಕೆಯ ತರಬೇತಿಯಾಗುತ್ತದೆ. ಬೆನ್ನಿಗೆ ಮರಳು ತುಂಬಿದ ಚೀಲ ಹೊತ್ತು ಹತ್ತಿಪ್ಪತ್ತಕ್ಕೆ ದಣಿಯುವಂತೆ ಮಾಡಿಕೊಂಡರೆ ಸ್ನಾಯು ಬೆಳೆಯುತ್ತದೆ.

ಮೂರನೆಯ ಹೆಜ್ಜೆ: ತಾಳಿಕೆಗೆ ಯಾವ ದಾರಿ

ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತದೆ, ಮತ್ತು ಪಾದ ನೆಲಕ್ಕೆ ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಬಿಗಿಯಬೇಕಾಗುತ್ತದೆ. ಈ ಬಗೆಯ ಕೆಲಸವೇ ಮಾರನೆಯ ದಿನದ ನೋವಿಗೆ ಮುಖ್ಯ ಕಾರಣ. ಸೈಕಲ್ ತುಳಿಯುವಾಗ ಇಂಥ ಹೊಡೆತ ಇರುವುದಿಲ್ಲ. ಆದ್ದರಿಂದ ಸ್ನಾಯು ಬೆಳವಣಿಗೆಯೇ ಮೊದಲ ಗುರಿಯಾದವರಿಗೆ ಸೈಕಲ್ ಒಳ್ಳೆಯ ಆಯ್ಕೆ. ಓಟದ ಪರೀಕ್ಷೆ ಇರುವವರು ಓಡಲೇಬೇಕು, ಆದರೆ ವಾರದ ಒಂದು ಸರದಿಯನ್ನಾದರೂ ಸೈಕಲ್‌ಗೆ ಬದಲಾಯಿಸಿಕೊಳ್ಳಬಹುದು.

ನಮ್ಮ ಜಿಲ್ಲೆಯಲ್ಲಿ ಬೆಟ್ಟಗಳಿಗೆ ಬರವಿಲ್ಲ, ಅವುಗಳ ಬಳಕೆಯನ್ನು ಕುರಿತು ಒಂದು ಮಾತು ಹೇಳಲೇಬೇಕು. ಸಿದ್ಧಗಂಗೆಯ ಮೆಟ್ಟಿಲುಗಳನ್ನು ಹತ್ತುವುದು ಹೃದಯಕ್ಕೆ ಉತ್ತಮ ಕೆಲಸ, ಕಾಲಿಗೆ ಅಷ್ಟೇನೂ ಹೊಡೆತವಿಲ್ಲ. ಕಷ್ಟವಿರುವುದು ಇಳಿಯುವುದರಲ್ಲಿ. ಹಿಂದೊಮ್ಮೆ ನಾನು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಭಾನುವಾರ ಹತ್ತಿ, ಉತ್ಸಾಹದಿಂದ ಬಿರಬಿರನೆ ಇಳಿದು, ಸೋಮವಾರ ಸಂಜೆ ಸ್ಕ್ವಾಟ್‌ಗೆ ನಿಂತೆ. ಎಂದಿನ ಭಾರದ ಅರ್ಧಕ್ಕೇ ತೊಡೆ ನಡುಗಿತು, ಆ ವಾರದ ಎರಡೂ ಕಾಲಿನ ಸರದಿಗಳು ಕೈತಪ್ಪಿದವು. ಹತ್ತುವಾಗ ದಮ್ಮು ಕಟ್ಟಿತ್ತು ನಿಜ, ಕಾಲಿನ ಲೆಕ್ಕ ತಪ್ಪಿಸಿದ್ದು ಇಳಿಜಾರು. ಬೆಟ್ಟಕ್ಕೆ ಹೋಗುವವರು ನಿಧಾನವಾಗಿ ಇಳಿಯಲಿ, ಮತ್ತು ನಂತರದ 48 ಗಂಟೆ ಕಾಲಿಗೆ ಭಾರ ಇಡದಿರಲಿ.

ಇನ್ನು ಪ್ರಮಾಣ. ವಾರಕ್ಕೆ ಎರಡರಿಂದ ಮೂರು ಸರದಿ, ತಲಾ 30ರಿಂದ 45 ನಿಮಿಷ, ಇದರೊಳಗೆ ಇರುವವರೆಗೆ ಸ್ನಾಯುವಿಗೆ ಹೆದರಬೇಕಾದ ಕಾರಣವಿಲ್ಲ. ಇವುಗಳಲ್ಲಿ ಒಂದು ಮಾತ್ರ ಜೋರಾಗಿರಲಿ. ಉಳಿದವು ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಿಕೊಂಡು ಓಡುವಷ್ಟು ನಿಧಾನವಾಗಿರಲಿ. ಅಮಾನಿಕೆರೆಯ ಸುತ್ತಲಿನ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲಾ ಓಟವನ್ನೂ ಮಧ್ಯಮ ವೇಗದಲ್ಲಿ, ಜೋರೂ ಅಲ್ಲದೆ ನಿಧಾನವೂ ಅಲ್ಲದೆ ಓಡುವುದು ನಮ್ಮ ಹುಡುಗರ ಸಾಮಾನ್ಯ ತಪ್ಪು. ದಣಿವು ಪೂರಾ ಬರುತ್ತದೆ, ವೇಗ ಮಾತ್ರ ಬರುವುದಿಲ್ಲ.

ಜೋರಿನ ಸರದಿಗೆ 400 ಮೀಟರ್ ಟ್ರ್ಯಾಕ್ ಬಳಸಿ. ಆರೂವರೆ ನಿಮಿಷದ 1600 ಮೀಟರ್ ಎಂದರೆ ಸುತ್ತಿಗೆ 97ರಿಂದ 98 ಸೆಕೆಂಡು. ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ಒಂದೊಂದು ಸುತ್ತನ್ನು 92ರಿಂದ 95 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡಿ. ನಾಲ್ಕು ಸುತ್ತಿನಿಂದ ಆರಂಭಿಸಿ ಕೆಲವು ವಾರಗಳಲ್ಲಿ ಆರಕ್ಕೆ ಏರಿಸಿ.

ನಾಲ್ಕನೆಯ ಹೆಜ್ಜೆ: ಕ್ರಮ ಮತ್ತು ಅಂತರ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಯನ್ನು ನೆನಪಿಟ್ಟುಕೊಳ್ಳಲು ಸಾಧ್ಯವಾದರೆ ಇದನ್ನು ಇಟ್ಟುಕೊಳ್ಳಿ. ಕಾಲಿನ ಭಾರದ ವ್ಯಾಯಾಮ ಮತ್ತು ಓಟವನ್ನು ಸಾಧ್ಯವಾದರೆ ಬೇರೆ ಬೇರೆ ದಿನಗಳಲ್ಲಿ ಮಾಡಿ. ಒಂದೇ ದಿನ ಮಾಡಲೇಬೇಕಾದರೆ ನಡುವೆ ಕನಿಷ್ಠ ಆರು ಗಂಟೆಯ ಬಿಡುವು ಇರಲಿ, ಆ ಬಿಡುವಿನಲ್ಲಿ ಒಂದು ಸರಿಯಾದ ಊಟವೂ ಆಗಲಿ. ಬೆಳಿಗ್ಗೆ ಆರಕ್ಕೆ ಮೈದಾನ, ಸಂಜೆ ಆರಕ್ಕೆ ಜಿಮ್ ಎಂಬ ನಮ್ಮೂರಿನ ವಾಡಿಕೆ ಈ ದೃಷ್ಟಿಯಿಂದ ತೀರಾ ಕೆಟ್ಟದ್ದೇನಲ್ಲ.

ಕಾಲೇಜು, ಕೆಲಸಗಳ ನಡುವೆ ದಿನಕ್ಕೆ ಒಂದೇ ಹೊತ್ತು ಸಿಗುವವರು ಭಾರವನ್ನು ಮೊದಲು ಎತ್ತಿ ಆಮೇಲೆ ಓಡಬೇಕು. ಅರ್ಧ ಗಂಟೆ ಟ್ರೆಡ್‌ಮಿಲ್ ಮೇಲೆ ಓಡಿ ಆನಂತರ ಸ್ಕ್ವಾಟ್‌ಗೆ ನಿಲ್ಲುವುದು ತಲೆಕೆಳಗಾದ ಕ್ರಮ. ಮೈ ಬಿಸಿಯಾಗಲು ಐದಾರು ನಿಮಿಷದ ನಡಿಗೆಯೇ ಸಾಕು. ಎದೆ, ಬೆನ್ನು, ತೋಳಿನ ದಿನಗಳಿಗೆ ಈ ನಿಯಮ ಇಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಓಟದ ಅಡ್ಡಿ ಬಹುತೇಕ ಓಡುವ ಕಾಲಿಗೇ ಸೀಮಿತ. "ಓಡಿದ್ದರಿಂದ ಕೈ ಸಣ್ಣಗಾಯಿತು" ಎನ್ನುವವರು ಓಟವನ್ನು ದೂರುವ ಬದಲು ಊಟದ ತಟ್ಟೆಯನ್ನು ನೋಡಿಕೊಳ್ಳಬೇಕು.

ಪರೀಕ್ಷೆಗೆ ತಯಾರಾಗುವವರು ಉದ್ದಜಿಗಿತ, ಎತ್ತರಜಿಗಿತ ಮತ್ತು ಗುಂಡು ಎಸೆತದ ಅಭ್ಯಾಸವನ್ನು ಓಟದ ಕೊನೆಗೆ ತಳ್ಳಬಾರದು. ದಣಿವಿನಿಂದ ಮೊದಲು ಕುಗ್ಗುವುದು ಚಿಮ್ಮುವ ಬಲವೇ. ಮೈ ಬಿಸಿಯಾದ ಕೂಡಲೇ ಐದಾರು ಜಿಗಿತ, ಐದಾರು ಎಸೆತ ಮುಗಿಸಿಕೊಂಡು ಉಳಿದ ಕೆಲಸಕ್ಕೆ ಹೋಗಿ.

ಐದನೆಯ ಹೆಜ್ಜೆ: ಒಂದು ವಾರದ ನಕ್ಷೆ

ಸ್ನಾಯು ಮೊದಲು, ಓಟ ಎರಡನೆಯದು ಎಂದು ನಿರ್ಧರಿಸಿದವರ ವಾರ ಹೀಗಿರಬಹುದು. ಸೋಮವಾರ ಸಂಜೆ ಕಾಲಿನ ಭಾರೀ ಸರದಿ: ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ಭಾರ ಎತ್ತುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸುವುದು), ಮೀನಖಂಡದ ವ್ಯಾಯಾಮ, ಅಂದು ಓಟವಿಲ್ಲ. ಮಂಗಳವಾರ ಬೆಳಿಗ್ಗೆ ಅರ್ಧ ಗಂಟೆ ನಿಧಾನವಾಗಿ ಸೈಕಲ್, ಸಂಜೆ ಎದೆ, ಬೆನ್ನು, ತೋಳು. ಬುಧವಾರ ಬರಿ ನಡಿಗೆ. ಗುರುವಾರ ಬೆಳಿಗ್ಗೆ ಟ್ರ್ಯಾಕ್‌ನಲ್ಲಿ ಜೋರಿನ ಸುತ್ತುಗಳು, ಸಂಜೆ ಕಾಲಿಗೆ ಎರಡನೆಯ, ಸ್ವಲ್ಪ ಹಗುರವಾದ ಸರದಿ. ಶುಕ್ರವಾರ ಸಂಜೆ ಮತ್ತೆ ಎದೆ, ಬೆನ್ನು, ತೋಳು. ಶನಿವಾರ ಬೆಳಿಗ್ಗೆ 45 ನಿಮಿಷದ ನಿಧಾನ ಓಟ, ಅಥವಾ ದೇವರಾಯನದುರ್ಗದ ರಸ್ತೆಯಲ್ಲಿ ಸೈಕಲ್. ಭಾನುವಾರ ವಿಶ್ರಾಂತಿ.

ಗುರುವಾರ ಬೆಳಿಗ್ಗೆಯೂ ಕಾಲು, ಸಂಜೆಯೂ ಕಾಲು ಏಕೆ ಎಂದು ಕೇಳಬಹುದು. ಕಠಿಣ ಕೆಲಸಗಳನ್ನು ಒಂದೇ ದಿನಕ್ಕೆ ಒತ್ತರಿಸಿದರೆ ಕಾಲಿಗೆ ಪೂರ್ತಿ ಬಿಡುವಿನ ದಿನಗಳು ಉಳಿಯುತ್ತವೆ. ದಿನಕ್ಕೊಂದು ಹರಡಿದರೆ ಕಾಲು ಎಂದೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಶನಿವಾರದ ನಿಧಾನ ಓಟಕ್ಕೂ ಸೋಮವಾರದ ಭಾರೀ ಸರದಿಗೂ ನಡುವೆ ಎರಡು ದಿನಗಳ ಅಂತರ ಇರುವುದೂ ಇದೇ ಕಾರಣಕ್ಕೆ. ಹೊಸಬರು ಗುರುವಾರದ ಸಂಜೆಯನ್ನು ಮೊದಲ ತಿಂಗಳು ಬಿಟ್ಟುಬಿಡಬಹುದು. ಓಟಗಾರರಿಗೂ ಇದರಲ್ಲಿ ಲಾಭವಿದೆ: ಕಾಲಿನ ಬಲ ಹೆಚ್ಚಿದಂತೆ ಅದೇ ವೇಗಕ್ಕೆ ಖರ್ಚಾಗುವ ಆಮ್ಲಜನಕ ಕಡಿಮೆಯಾಗುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಸ್ಥಿರಪಟ್ಟಿದೆ.

ಆರನೆಯ ಹೆಜ್ಜೆ: ಊಟ

ಓಟಕ್ಕೆ ಖರ್ಚಾಗುವ ಶಕ್ತಿಯ ಸ್ಥೂಲ ಲೆಕ್ಕ ಸುಲಭ: ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ. 64 ಕಿಲೋ ತೂಗುವವರು 8 ಕಿಲೋಮೀಟರ್ ಓಡಿದರೆ ಸುಮಾರು 510 ಕಿಲೋಕ್ಯಾಲರಿ ಹೋಯಿತು. ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ 320ರ ಆಸುಪಾಸು ಇರುತ್ತದೆ. ಎಂದರೆ ಒಂದೂವರೆ ಮುದ್ದೆ. ಓಡಿದ ದಿನ ಆ ಒಂದೂವರೆ ಮುದ್ದೆ ಹೆಚ್ಚುವರಿಯಾಗಿ ಹೊಟ್ಟೆಗೆ ಹೋಗದಿದ್ದರೆ ಸಾಲ ಸ್ನಾಯುವಿನ ಹೆಸರಿನಲ್ಲಿ ಬರೆಯಲ್ಪಡುತ್ತದೆ. "ಮೈ ಕರಗಿತು" ಎಂಬ ದೂರಿನ ಮುಕ್ಕಾಲು ಪಾಲು ಇಲ್ಲಿಯೇ ಇದೆಯೆಂದು ನನ್ನ ನಂಬಿಕೆ. ಹಾಗೆಂದು ಹೊಟ್ಟೆ ಇರುವವರು ಇದನ್ನು ನೆಪವಾಗಿಸಿಕೊಳ್ಳುವುದು ಬೇಡ. ಅವರಿಗೆ ಸ್ವಲ್ಪ ಕೊರತೆಯೇ ಒಳ್ಳೆಯದು.

ಪ್ರೋಟೀನ್ ಎಷ್ಟು ಬೇಕು? ಭಾರ ಎತ್ತುವವರ ಮೇಲಿನ 49 ಅಧ್ಯಯನಗಳನ್ನು ಕೂಡಿಸಿದ 2018ರ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ ದೇಹದ ಕಿಲೋ ತೂಕಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ. 64 ಕಿಲೋಗೆ ಇದು 102 ಗ್ರಾಂ. ಮುದ್ದೆಯನ್ನು ಹೊಗಳುವುದರಲ್ಲಿ ನಾನು ಯಾರಿಗೂ ಕಡಿಮೆಯಲ್ಲ, ಆದರೆ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಇರುವುದು ಏಳು ಗ್ರಾಂ ಮಾತ್ರ. ರಾಗಿ ಓಟಕ್ಕೆ ಇಂಧನ, ಎಲುಬಿಗೆ ಸುಣ್ಣ. ಸ್ನಾಯುವಿಗೆ ಬೇಕಾದುದು ಅದರ ಜೊತೆಯ ಬಟ್ಟಲಲ್ಲಿದೆ.

ಮಾಂಸ, ಮೊಟ್ಟೆ ತಿನ್ನದವರ ಒಂದು ದಿನವನ್ನು ಲೆಕ್ಕ ಹಾಕೋಣ. ಹುರುಳಿ, ಅಲಸಂದೆ, ಕಡಲೆ, ಬೇಳೆ ಯಾವುದೇ ಇರಲಿ, ಒಣಗಿದ ತೂಕದಲ್ಲಿ ನೂರು ಗ್ರಾಂ ಕಾಳಿನಿಂದ 22 ಗ್ರಾಂ; 40 ಗ್ರಾಂ ಸೋಯಾ ಚಂಕ್ಸ್‌ನಿಂದ 20; ಹಾಲು ಮೊಸರು ಸೇರಿ ಅರ್ಧ ಲೀಟರಿನಿಂದ 16; ಎರಡು ಮುದ್ದೆಯಿಂದ 14; ಅನ್ನ, ಚಪಾತಿಗಳಿಂದ 12; ಒಂದು ಹಿಡಿಗಿಂತ ತುಸು ಹೆಚ್ಚು ಕಡಲೆಕಾಯಿ ಬೀಜದಿಂದ 10; ಐವತ್ತು ಗ್ರಾಂ ಪನೀರಿನಿಂದ 9. ಒಟ್ಟು 103. ಮೊಟ್ಟೆ ತಿನ್ನುವವರಿಗೆ ಹಾದಿ ಇನ್ನೂ ಹತ್ತಿರ, ಒಂದೊಂದರಲ್ಲೂ ಆರು ಗ್ರಾಂ ಇದೆ. ಇದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ ತಿನ್ನಿ. ಬೆಳಗಿನ ತಿಂಡಿಗೆ ಬರಿ ಚಿತ್ರಾನ್ನ ತಿಂದು, ಎಲ್ಲವನ್ನೂ ರಾತ್ರಿಗೆ ಇಡುವುದು ಒಳ್ಳೆಯದಲ್ಲ. ಹುರುಳಿಯ ಬಸ್ಸಾರು ಮಾಡುವಾಗ ಕಟ್ಟನ್ನು ಮಾತ್ರ ಮುದ್ದೆಗೆ ಸುರಿದುಕೊಂಡು ಕಾಳಿನ ಪಲ್ಯವನ್ನು ಬದಿಗೆ ಸರಿಸುವವರು, ಪ್ರೋಟೀನಿನ ಹೆಚ್ಚಿನ ಪಾಲನ್ನೇ ಬದಿಗೆ ಸರಿಸುತ್ತಿದ್ದಾರೆ.

ಪ್ರೋಟೀನ್ ಪುಡಿ ಅನುಕೂಲಕ್ಕೆ ಇರುವ ವಸ್ತು, ಅಗತ್ಯವಲ್ಲ. ಕ್ರಿಯಾಟಿನ್ ಎಂಬ ಪೂರಕ ಪುಡಿ ದಿನಕ್ಕೆ 3ರಿಂದ 5 ಗ್ರಾಂ ಬಲಕ್ಕೆ ಸಹಕಾರಿ, ಆದರೆ ಒಂದೆರಡು ಕಿಲೋ ನೀರಿನ ತೂಕ ಏರುವುದರಿಂದ ಓಟದ ಪರೀಕ್ಷೆಯ ತಿಂಗಳಲ್ಲಿ ಹೊಸದಾಗಿ ಶುರು ಮಾಡಬೇಡಿ. ಜಿಮ್‌ಗಳಲ್ಲಿ ಕಿವಿಮಾತಾಗಿ ಬರುವ ಇಂಜೆಕ್ಷನ್‌ಗಳ ಕಡೆಗೆ ತಿರುಗಿಯೂ ನೋಡಬೇಡಿ.

ಏಳನೆಯ ಹೆಜ್ಜೆ: ನಿದ್ರೆ, ಬಿಡುವು, ಎಚ್ಚರ

ಬೆಳಿಗ್ಗೆ ಐದಕ್ಕೆ ಏಳುವವರು ರಾತ್ರಿ ಹತ್ತಕ್ಕಾದರೂ ಮಲಗಬೇಕು. ಪ್ರತಿ ನಾಲ್ಕನೆಯ ಅಥವಾ ಐದನೆಯ ವಾರ ಸೆಟ್‌ಗಳನ್ನೂ ಓಟದ ದೂರವನ್ನೂ ಅರ್ಧಕ್ಕೆ ಇಳಿಸಿ, ಭಾರವನ್ನು ಹಾಗೆಯೇ ಇರಿಸಿಕೊಳ್ಳಿ. ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಏಳು ಗಂಟೆಯೊಳಗೆ ಓಟ ಮುಗಿಯಲಿ. ಓಡುವಾಗ ಎದೆನೋವು, ತಲೆಸುತ್ತು ಬಂದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕಂಡ ನಂತರವೇ ಆರಂಭಿಸಬೇಕು. ವಿಪರೀತ ವ್ಯಾಯಾಮದ ಮರುದಿನ ಸ್ನಾಯು ಊದಿಕೊಂಡು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ನೋವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ಎಂಟನೆಯ ಹೆಜ್ಜೆ: ನೋಟ್‌ಬುಕ್ಕನ್ನು ತೆರೆಯಿರಿ

ಎಂಟು ವಾರಗಳ ಬಳಿಕ ಮೊದಲ ದಿನದ ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ. ಸ್ಕ್ವಾಟ್ ಏರಿದೆ, ತೊಡೆಯ ಸುತ್ತಳತೆ ಏರಿದೆ, ಓಟದ ಸಮಯ ಇಳಿದಿದೆ ಎಂದಾದರೆ ಏನನ್ನೂ ಬದಲಿಸಬೇಡಿ. ತೂಕವೂ ಸ್ಕ್ವಾಟೂ ಒಟ್ಟಿಗೆ ಇಳಿದಿದ್ದರೆ ತಪ್ಪು ಊಟದಲ್ಲಿದೆ. ಓಟವನ್ನು ಮುಟ್ಟದೆ ದಿನಕ್ಕೆ ಒಂದು ಮುದ್ದೆ, ಒಂದು ಬಟ್ಟಲು ಕಾಳು ಹೆಚ್ಚಿಸಿ ಎರಡು ವಾರ ಕಾಯಿರಿ. ತೂಕ ನಿಂತಲ್ಲೇ ಇದ್ದು ಸ್ಕ್ವಾಟ್ ಮಾತ್ರ ಇಳಿದಿದ್ದರೆ ತಪ್ಪು ಅಂತರದಲ್ಲಿದೆ. ಶನಿವಾರದ ಓಟವನ್ನು ಸೈಕಲ್‌ಗೆ ಬದಲಿಸಿ ನೋಡಿ. ತೋಳು ಬೆಳೆದು ತೊಡೆ ಬೆಳೆಯದಿದ್ದರೆ ಓಟವನ್ನು ದೂರುವ ಮುನ್ನ, ಕಳೆದ ಎಂಟು ವಾರಗಳಲ್ಲಿ ಕಾಲಿನ ದಿನ ಎಷ್ಟು ಸಲ ತಪ್ಪಿತೆಂದು ಅದೇ ನೋಟ್‌ಬುಕ್ಕಿನಲ್ಲಿ ಎಣಿಸಿ.